7,080 ರೂಪಾಯಿಯ ಜಿಎಸ್‌ಟಿ ನ್ಯೂಸ್‌ಲೆಟರ್: ಮಂಡಿಪೇಟೆಯ ಒಂದು ಸಣ್ಣ ಆಫೀಸಿನ ಲೆಕ್ಕ

ವ್ಯಾಪಾರಿಗಳ ಪರವಾಗಿ ರಿಟರ್ನ್ (ಮಾರಾಟ, ತೆರಿಗೆಯ ಲೆಕ್ಕ) ಹಾಕುವುದಷ್ಟೇ ನಿಮ್ಮ ಕೆಲಸವಾಗಿದ್ದರೆ ದುಡ್ಡು ಕೊಟ್ಟು ಜಿಎಸ್‌ಟಿ ನ್ಯೂಸ್‌ಲೆಟರ್ ತರಿಸಬೇಡಿ. ನೋಟಿಸ್‌ಗೆ ಉತ್ತರ ಬರೆಯುವುದೂ ನಿಮ್ಮ ಪಾಲಿಗೆ ಬಂದಿದ್ದರೆ ತರಿಸಿ. ತೀರ್ಪನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಓದುವವರಿಗೂ ತಿಂಗಳ 20ನೇ ತಾರೀಖು ರಿಟರ್ನ್ ಹಾಕುವ ಗಡಿಬಿಡಿ ಇರುತ್ತದೆ ಅಲ್ವಾ. ಪುರುಸೊತ್ತು ಇದ್ದವರಿಗೆ ಕಾರಣ ಬಿಡಿಸಿ ಹೇಳುತ್ತೇನೆ.

ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ ಟ್ಯಾಕ್ಸ್ ಪ್ರಾಕ್ಟೀಷನರ್. ವ್ಯಾಟ್ ಇದ್ದಾಗ ನಮ್ಮನ್ನು ಎಸ್‌ಟಿಪಿ (ಸೇಲ್ಸ್ ಟ್ಯಾಕ್ಸ್ ಪ್ರಾಕ್ಟೀಷನರ್) ಅನ್ನುತ್ತಿದ್ದರು, ಹಳೇ ಪಾರ್ಟಿಗಳು, ಅಂದರೆ ನಮಗೆ ಲೆಕ್ಕ ಕೊಡುವ ವ್ಯಾಪಾರಿಗಳು, ಈಗಲೂ ಹಾಗೇ ಅನ್ನುತ್ತಾರೆ. ನಾನು ಸಿಎ ಅಲ್ಲ, ವಕೀಲಳೂ ಅಲ್ಲ. ನನ್ನ ಹತ್ತಿರ ಬರುವವರು ಅಕ್ಕಿ ಗಿರಣಿಯವರು, ಮಂಡಕ್ಕಿ ಭಟ್ಟಿಯವರು, ಎಪಿಎಂಸಿಯ ಮೆಕ್ಕೆಜೋಳದ ದಲಾಲರು, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಗಳು, ಹರಿಹರದ ಸಣ್ಣ ವರ್ಕ್‌ಶಾಪ್‌ನವರು. ತಿಂಗಳಿಗೆ 500, 800 ರೂಪಾಯಿ ಫೀಸು ಕೊಡುವವರೇ ಜಾಸ್ತಿ. ಇಂಥ ಆಫೀಸಿಗೆ ಏಳು ಸಾವಿರ ದೊಡ್ಡ ಮೊತ್ತವೇ. ಬೆಂಗಳೂರಿನ ದೊಡ್ಡ ಫರ್ಮ್‌ನವರು ಬರೆಯುವ ವಿಮರ್ಶೆ ನಮ್ಮಂಥವರಿಗೆ ಹೊಂದುವುದಿಲ್ಲ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ನ್ಯೂಸ್‌ಲೆಟರ್‌ನ ಹೆಸರು ಹಾಕುತ್ತಿಲ್ಲ. ಅದರ ಮೇಲೆ ನನಗೆ ತಕರಾರುಗಳೂ ಇವೆ. ಮತ್ತೆ ಈ ಬಗೆಯವು ಹೆಚ್ಚುಕಡಿಮೆ ಒಂದೇ ಅಚ್ಚಿನವು. ನಾನು ಹೇಳುವುದನ್ನು ನೀವು ನೋಡುತ್ತಿರುವ ನ್ಯೂಸ್‌ಲೆಟರ್‌ಗೂ ಹಚ್ಚಿ ನೋಡಬಹುದು.

2023ರಿಂದ ತರಿಸುತ್ತಿದ್ದೇನೆ. ಭಾನುವಾರ ಬಿಟ್ಟು ದಿನಾ ಬೆಳಗ್ಗೆ ಒಂದು ಮೇಲ್. ಮೇಲ್ಗಡೆ ಹಿಂದಿನ ದಿನದ ನೋಟಿಫಿಕೇಶನ್, ಸರ್ಕ್ಯುಲರ್. ಅದರ ಕೆಳಗೆ ಹೈಕೋರ್ಟ್ ತೀರ್ಪುಗಳ ಸಾರಾಂಶ. ಶನಿವಾರ ವಾರದ್ದೆಲ್ಲಾ ಒಟ್ಟು ಮಾಡಿ ಕೊಡುತ್ತಾರೆ. ಒಂದು ಲಾಗಿನ್ ಇದೆ, ಅದರಲ್ಲಿ ಹಳೇ ಸಂಚಿಕೆಗಳನ್ನು ಹುಡುಕಬಹುದು. ಬೆಲೆ ವರ್ಷಕ್ಕೆ 6,000. ಅದರ ಮೇಲೆ 18% ಜಿಎಸ್‌ಟಿ ಅಂದರೆ 1,080. ಒಟ್ಟು 7,080. ನೋಂದಣಿ ಇರುವವರು ಆ 1,080ಕ್ಕೆ ಇನ್‌ಪುಟ್ ತೆಗೆದುಕೊಳ್ಳಬಹುದು, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ನನ್ನ ಫೀಸಿನ ವಹಿವಾಟು 20 ಲಕ್ಷದ ಒಳಗಿದೆ, ನಾನು ನೋಂದಣಿ ಮಾಡಿಸಿಲ್ಲ, ಹಾಗಾಗಿ ಪೂರ್ತಿ ಕೈಯಿಂದಲೇ ಹೋಗುತ್ತದೆ. ಇನ್ನೊಂದು ವಿಷಯ ಗೊತ್ತಿರಲಿ. ಅಚ್ಚಾಗಿ ಬರುವ ಪತ್ರಿಕೆ, ನಿಯತಕಾಲಿಕಗಳಿಗೆ ಜಿಎಸ್‌ಟಿ ಇಲ್ಲ. ಅದೇ ವಿಷಯ ಮೇಲ್‌ನಲ್ಲಿ ಬಂದರೆ 18%. ಅಂಚೆಯಲ್ಲಿ ಬರುವ ತೆರಿಗೆ ಪತ್ರಿಕೆಯ ಬೆಲೆಯ ಜೊತೆ ಹೋಲಿಸುವಾಗ ಇದನ್ನೂ ಸೇರಿಸಿಕೊಂಡು ಹೋಲಿಸಿ.

ಮೊದಲು ಬಿಟ್ಟಿ ಸಿಗುವುದರ ಮಾತು. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸಿಬಿಐಸಿಯ ವೆಬ್‌ಸೈಟಿನಲ್ಲಿ ಪ್ರತಿ ನೋಟಿಫಿಕೇಶನ್, ಪ್ರತಿ ಸರ್ಕ್ಯುಲರ್ ಸಿಗುತ್ತದೆ. ಜಿಎಸ್‌ಟಿ ಕೌನ್ಸಿಲ್ ಸಭೆ ಮುಗಿದ ರಾತ್ರಿಯೇ ಕೇಂದ್ರದ ವಾರ್ತಾ ಸಂಸ್ಥೆ ಪಿಐಬಿಯ ಪ್ರಕಟಣೆ ಬರುತ್ತದೆ. ಸಿಎ ಸಂಸ್ಥೆಯ ಜಿಎಸ್‌ಟಿ ಪುಸ್ತಕಗಳನ್ನು ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಕರ್ನಾಟಕ ಹೈಕೋರ್ಟ್‌ನ ತೀರ್ಪುಗಳೂ ಅದರ ಸೈಟಿನಲ್ಲಿವೆ. ಸುದ್ದಿಗೋಸ್ಕರ ಯಾರೂ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಬಿಟ್ಟಿಯೇ ಸಾಕು ಅನ್ನುವುದಕ್ಕೆ ನಮ್ಮೂರಿನದೇ ಒಂದು ಉದಾಹರಣೆ ಕೊಡುತ್ತೇನೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟು, ಮಂಡಕ್ಕಿ, ಅವಲಕ್ಕಿಗೆ 5% ಬಂತು. ಅಲ್ಲಿವರೆಗೆ ನೋಂದಾಯಿತ ಬ್ರ್ಯಾಂಡ್ ಇದ್ದ ಮಾಲಿಗೆ ಮಾತ್ರ ತೆರಿಗೆ ಇತ್ತು. ಗಿರಣಿಯವರಿಗೆ ತಲೆ ಕೆಟ್ಟುಹೋಯಿತು. ಒಬ್ಬರು ಫೋನ್ ಮಾಡಿ, "ಅಕ್ಕಾರ, 25 ಕೇಜಿ ಚೀಲಕ್ಕೆ ಟ್ಯಾಕ್ಸ್ ಹಾಕ್ಬೇಕೋ ಬ್ಯಾಡೋ, ಒಂದ್ ಮಾತ್ ಹೇಳ್ರಿ, ಲಾರಿ ಬಾಗ್ಲಾಗ್ ನಿಂತೈತಿ" ಅಂದರು. ಅದಕ್ಕೆ ಉತ್ತರ ಸಿಬಿಐಸಿ ಜುಲೈ 17ರಂದೇ ಹಾಕಿದ್ದ ಪ್ರಶ್ನೋತ್ತರದಲ್ಲಿ ನೇರವಾಗಿ ಇತ್ತು. ಒಂದೇ ಪ್ಯಾಕಿನಲ್ಲಿ 25 ಕೇಜಿಗಿಂತ ಜಾಸ್ತಿ ಇದ್ದರೆ ಅದು ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮಾಲಿನ ಲೆಕ್ಕಕ್ಕೆ ಬರುವುದಿಲ್ಲ. ಸರಿಯಾಗಿ 25 ಇದ್ದರೆ ಬರುತ್ತದೆ. ಅದಾದ ಮೇಲೆ ಪೇಟೆಗೆ 26 ಕೇಜಿ ಅಕ್ಕಿ ಚೀಲ ಬಂದಿದ್ದು ಎಲ್ಲರಿಗೂ ಗೊತ್ತೇ ಇದೆ. ಆಗ ನನ್ನ ಹತ್ತಿರ ಯಾವ ಚಂದಾವೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

2025ರ ಸೆಪ್ಟೆಂಬರ್‌ನಲ್ಲೂ ಹಾಗೇ ಆಯಿತು. 3ನೇ ತಾರೀಖು 56ನೇ ಕೌನ್ಸಿಲ್ ಸಭೆ, 22ರಿಂದ ಹೊಸ ದರ. ಸಿಮೆಂಟ್ 28ರಿಂದ 18ಕ್ಕೆ, ಪ್ಯಾಕೆಟ್ ಖಾರ-ಮಿಕ್ಸ್ಚರ್ 12ರಿಂದ 5ಕ್ಕೆ, ಟ್ರ್ಯಾಕ್ಟರ್ 12ರಿಂದ 5ಕ್ಕೆ. ದರ ಬದಲಾಗುವ ಮೊದಲು ಮಾಲು ಕಳಿಸಿದ್ದು, ದುಡ್ಡು ಆಮೇಲೆ ಬಂದಿದ್ದು, ಇಂಥದ್ದಕ್ಕೆಲ್ಲಾ ಯಾವ ದರ ಅನ್ನುವುದನ್ನು ಜಿಎಸ್‌ಟಿ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಮಾಲು ಮೊದಲೇ ಹೋಗಿ, ಬಿಲ್ಲೂ ಮೊದಲೇ ಆಗಿದ್ದರೆ ಹಳೇ ದರ. ಬಿಲ್ಲು, ದುಡ್ಡು ಎರಡೂ ಆಮೇಲೆ ಆಗಿದ್ದರೆ ಹೊಸ ದರ. ಸರ್ಕಾರದ ಪ್ರಶ್ನೋತ್ತರ ಬಿಟ್ಟಿಯಾಗಿಯೇ ಬಂದಿತ್ತು, 14ನೇ ಸೆಕ್ಷನ್ನಿನ ಮಾತೂ ಅದರಲ್ಲಿತ್ತು. ನ್ಯೂಸ್‌ಲೆಟರ್‌ನವರು ಅದನ್ನೇ ಚೆಂದದ ಕೋಷ್ಟಕ ಮಾಡಿ ಮಾರನೇ ದಿನ ಕಳಿಸಿದರು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ, ಅನುಕೂಲವಾಯಿತು. ಆದರೆ ಏಳು ಸಾವಿರ ಕೊಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಹಾಗಾದರೆ ದುಡ್ಡು ಯಾಕೆ ಕೊಡಬೇಕು? ಒಂದು ನೋಟಿಸಿನ ವಿಷಯ ಪೂರ್ತಿ ಹೇಳುತ್ತೇನೆ.

2024ರ ಮೇ ಕೊನೆ. 2019-20ನೇ ಸಾಲಿಗೆ 73ನೇ ಸೆಕ್ಷನ್ನಿನ (ವಂಚನೆ ಇಲ್ಲದೆ ಕಡಿಮೆ ಕಟ್ಟಿದ ತೆರಿಗೆಯ) ಆದೇಶ ಮಾಡಲು ಇಲಾಖೆಗೆ ಆಗಸ್ಟ್ 31ರವರೆಗೆ ಟೈಮ್ ಇತ್ತು. ಅದಕ್ಕೆ ಮೂರು ತಿಂಗಳು ಮುಂಚೆ, ಮೇ 31ರ ಒಳಗೆ, ನೋಟಿಸ್ ಕೊಡಬೇಕು. ಹಾಗಾಗಿ ಆ ವಾರ ಪೋರ್ಟಲ್ಲಿನಲ್ಲಿ ಡಿಆರ್‌ಸಿ-01 ನೋಟಿಸ್‌ಗಳು ಸಾಲುಸಾಲಾಗಿ ಬಂದವು. ಗಿರಣಿಗಳಿಗೆ ಪ್ಲಾಸ್ಟಿಕ್ ಚೀಲ ಸಪ್ಲೈ ಮಾಡುವ ನಮ್ಮ ಪಾರ್ಟಿಯೊಬ್ಬರಿಗೂ ಬಂತು. 3ಬಿ ರಿಟರ್ನ್‌ನಲ್ಲಿ ಅವರು ತೆಗೆದುಕೊಂಡ ಇನ್‌ಪುಟ್‌ಗೂ, ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳಿಂದ ತಾನಾಗಿ ತಯಾರಾಗುವ 2ಎ ಪಟ್ಟಿಯಲ್ಲಿ ಕಾಣುವ ಇನ್‌ಪುಟ್‌ಗೂ ಒಂದೂವರೆ ಲಕ್ಷದ ಆಸುಪಾಸು ವ್ಯತ್ಯಾಸ. ಅದನ್ನು ಕಟ್ಟಬೇಕು, ಬಡ್ಡಿ ಬೇರೆ, ದಂಡ ಬೇರೆ. ಅವರು ಬಂದು ಕೂತವರೇ, "ನಾ ಮಾಲಿಗೂ ದುಡ್ಡು ಕೊಟ್ಟೀನಿ, ಟ್ಯಾಕ್ಸಿಗೂ ಕೊಟ್ಟೀನಿ. ಈಗ ಮತ್ತೊಂದ್ ಸಲ ಕಟ್ಟು ಅಂದ್ರೆ ಹೆಂಗ್ರಿ ಅಕ್ಕಾರ?" ಅಂದರು. ನ್ಯಾಯವಾದ ಪ್ರಶ್ನೆ. ಬಿಲ್ಲುಗಳನ್ನು ತೆಗೆಸಿ ನೋಡಿದರೆ ಬೆಂಗಳೂರಿನ ಸಪ್ಲೈಯರ್ ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಈ ಬಿಲ್ಲುಗಳನ್ನು ಬಿ2ಸಿ (ನೋಂದಣಿ ಇಲ್ಲದವರಿಗೆ ಮಾರಿದ್ದು) ಅಂತ ತೋರಿಸಿದ್ದರು. ತೆರಿಗೆ ಕಟ್ಟಿದ್ದರು, ನಮ್ಮ ನಂಬರ್ ಮಾತ್ರ ಹಾಕಿರಲಿಲ್ಲ. 2ಎಯಲ್ಲಿ ಕಾಣದಿದ್ದುದಕ್ಕೆ ಅದೇ ಕಾರಣ.

ಇಂಥದ್ದಕ್ಕೆ 2022ರ ಡಿಸೆಂಬರ್ 27ರ 183ನೇ ಸರ್ಕ್ಯುಲರ್ ಇದೆ. ಒಬ್ಬ ಸಪ್ಲೈಯರ್‌ನಿಂದ ವರ್ಷಕ್ಕೆ ವ್ಯತ್ಯಾಸ 5 ಲಕ್ಷದ ಒಳಗಿದ್ದರೆ ಆ ಸಪ್ಲೈಯರ್ ಕೊಡುವ ಸರ್ಟಿಫಿಕೇಟ್ ಸಾಕು. ಮೀರಿದರೆ ಸಿಎ ಅಥವಾ ಕಾಸ್ಟ್ ಅಕೌಂಟೆಂಟ್ ಸರ್ಟಿಫಿಕೇಟ್ ಬೇಕು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ. ತೊಡಕು ಎಲ್ಲಿ ಅಂದರೆ, ಆ ಸರ್ಕ್ಯುಲರ್ 2017-18 ಮತ್ತು 2018-19ಕ್ಕೆ ಮಾತ್ರ. ನಮ್ಮ ನೋಟಿಸ್ 2019-20ರದ್ದು.

ನ್ಯೂಸ್‌ಲೆಟರ್‌ನ ಲಾಗಿನ್‌ಗೆ ಹೋಗಿ 183 ಅಂತ ಹುಡುಕಿದೆ. ಬಂದ ಪುಟದಲ್ಲಿ ಸರ್ಕ್ಯುಲರ್ ಇತ್ತು. ಅದರ ಕೆಳಗೆ, ಅದರ ಮೇಲೆ ಮುಂದೆ ಏನೇನು ಆಯಿತು ಅನ್ನುವುದು ತಾರೀಖಿನ ಪ್ರಕಾರ ಇತ್ತು. ಮೊದಲನೆಯದು ಕರ್ನಾಟಕ ಹೈಕೋರ್ಟ್‌ನ 2023ರ ಜನವರಿ 6ರ ವಿಪ್ರೋ ತೀರ್ಪು. ಅಲ್ಲಿ ಬಿಲ್ಲಿನಲ್ಲಿ ಕೊಂಡವರ ಜಿಎಸ್‌ಟಿ ನಂಬರ್ ತಪ್ಪಾಗಿತ್ತು. ತಪ್ಪು ಹಿಂದಿನ ಎರಡು ವರ್ಷಗಳ ಬಗೆಯದೇ ಆದ್ದರಿಂದ 2019-20ಕ್ಕೂ ಅದೇ ಸರ್ಕ್ಯುಲರಿನ ಪ್ರಯೋಜನ ಕೊಡಬೇಕು ಅಂತ ಕೋರ್ಟ್ ಹೇಳಿತ್ತು. ಎರಡನೆಯದು 2023ರ ಜುಲೈ 17ರ 193ನೇ ಸರ್ಕ್ಯುಲರ್. ಅದೇ ಸರ್ಟಿಫಿಕೇಟ್ ಪದ್ಧತಿಯನ್ನು 2019ರ ಏಪ್ರಿಲ್ 1ರಿಂದ 2021ರ ಡಿಸೆಂಬರ್ 31ರವರೆಗಿನ ಅವಧಿಗೆ ಅದು ವಿಸ್ತರಿಸಿತ್ತು, ಆದರೆ ಒಂದು ಷರತ್ತಿನ ಮೇಲೆ. 2ಎಯಲ್ಲಿ ಕಾಣದ ಇನ್‌ಪುಟ್ ಎಷ್ಟರವರೆಗೆ ತೆಗೆದುಕೊಳ್ಳಬಹುದು ಅನ್ನುವ 36(4)ನೇ ನಿಯಮದ ಮಿತಿ ದಾಟುವಂತಿಲ್ಲ.

ಆ ಮಿತಿಯನ್ನು ಅವರು ಬಿಡಿಸಿ ಕೊಟ್ಟಿದ್ದ ರೀತಿಗೇ ನಾನು ದುಡ್ಡು ಕೊಡುತ್ತೇನೆ. 2019ರ ಅಕ್ಟೋಬರ್ 8ರವರೆಗೆ ಮಿತಿಯೇ ಇಲ್ಲ. 9ರಿಂದ ಡಿಸೆಂಬರ್ ಕೊನೆವರೆಗೆ, 2ಎಯಲ್ಲಿ ಕಾಣುವ ಇನ್‌ಪುಟ್‌ನ ಮೇಲೆ ಜಾಸ್ತಿ ಅಂದರೆ 20%. 2020ರ ಜನವರಿಯಿಂದ 10%. 2021ರ ಜನವರಿಯಿಂದ 5%. ಇಷ್ಟು ನಾಲ್ಕು ಸಾಲು. ಅದರ ಅಡಿಯಲ್ಲಿ ಒಂದು ಸಣ್ಣ ಟಿಪ್ಪಣಿ: ಕೋವಿಡ್ ರಿಯಾಯಿತಿಯಿಂದಾಗಿ 2020ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಈ ಮಿತಿಯನ್ನು ತಿಂಗಳು ತಿಂಗಳು ನೋಡುವಂತಿಲ್ಲ, ಒಟ್ಟುಗೂಡಿಸಿ ಸೆಪ್ಟೆಂಬರ್ ರಿಟರ್ನ್‌ನಲ್ಲಿ ನೋಡಬೇಕು. ನಮ್ಮ ಪಾರ್ಟಿಗೆ ಫೆಬ್ರವರಿ, ಮಾರ್ಚ್ ಬಿಲ್ಲುಗಳೇ ದೊಡ್ಡವು. ನಾನು ಓದಿದ ಬಿಟ್ಟಿ ಲೇಖನಗಳಲ್ಲಿ 193ರ ವಿಷಯ ಇತ್ತು, ಆ ಟಿಪ್ಪಣಿ ಇರಲಿಲ್ಲ. ಸರ್ಕ್ಯುಲರ್, ನಿಯಮ, ಕೋವಿಡ್ ನೋಟಿಫಿಕೇಶನ್ ಮೂರನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಓದಿದರೆ ನಾನೂ ಅಲ್ಲಿಗೆ ಬರುತ್ತಿದ್ದೆ. ಆದರೆ ಒಂದೇ ಸಲ ಮೇಜಿನ ಮೇಲೆ ಅಷ್ಟೊಂದು ನೋಟಿಸ್ ಬಿದ್ದಿರುವಾಗ ಆ ಹುಡುಕಾಟಕ್ಕೆ ದಿನಗಟ್ಟಲೆ ಬೇಕಾಗುತ್ತಿತ್ತು.

ಸಪ್ಲೈಯರ್‌ನಿಂದ ಸರ್ಟಿಫಿಕೇಟ್ ತರಿಸಿದೆವು. ಅವಧಿಯನ್ನು ತುಂಡು ಮಾಡಿ ಕೋಷ್ಟಕ ಹಾಕಿ ಉತ್ತರ ಕೊಟ್ಟೆವು. ಅಧಿಕಾರಿಗಳು ಸಮಾಧಾನದಿಂದ ಕೂತು ನೋಡಿದರು. ಹೆಚ್ಚಿನ ಮೊತ್ತ ಬಿಟ್ಟುಹೋಯಿತು. 20%ರ ಮಿತಿ ಮೀರಿದ ಒಂದಷ್ಟು ಮಾತ್ರ ಆದೇಶದಲ್ಲಿ ಉಳಿಯಿತು. ಅದರ ಮೇಲಿನ ಬಡ್ಡಿ, ದಂಡವೂ ಆಮೇಲೆ ಮನ್ನಾ ಆಯಿತು, ಯಾಕೆಂದರೆ ಅಷ್ಟರಲ್ಲಿ 128ಎ ಸೆಕ್ಷನ್ ಬಂದಿತ್ತು. 2017-18ರಿಂದ 2019-20ರವರೆಗಿನ 73ನೇ ಸೆಕ್ಷನ್ ಬೇಡಿಕೆಗಳಿಗೆ, 2025ರ ಮಾರ್ಚ್ 31ರ ಒಳಗೆ ಅಸಲು ತೆರಿಗೆ ಕಟ್ಟಿದರೆ ಬಡ್ಡಿ, ದಂಡ ಮನ್ನಾ. ಆದೇಶ ಆಗಿದ್ದರೆ ಅರ್ಜಿ ಎಸ್‌ಪಿಎಲ್-02ರಲ್ಲಿ, ಬರೀ ನೋಟಿಸ್ ಹಂತದಲ್ಲಿದ್ದರೆ ಎಸ್‌ಪಿಎಲ್-01ರಲ್ಲಿ. ಈ ಎರಡು ಫಾರಂಗಳ ವ್ಯತ್ಯಾಸ ಗೊತ್ತಾಗದೆ ವಾಟ್ಸಾಪ್ ಗ್ರೂಪುಗಳಲ್ಲಿ ಎಷ್ಟು ಚರ್ಚೆ ನಡೆಯಿತು ಅಂತ ಆಗ ಇದ್ದವರಿಗೆ ನೆನಪಿರಬೇಕು.

ಅದೇ 2024ರಲ್ಲಿ 16(5) ಸೆಕ್ಷನ್ ಬಂತು. 2017-18ರಿಂದ 2020-21ರವರೆಗಿನ ಇನ್‌ಪುಟ್ ಅನ್ನು, ರಿಟರ್ನ್ ತಡವಾಗಿದ್ದರೂ, 2021ರ ನವೆಂಬರ್ 30ರ ಒಳಗೆ ಹಾಕಿದ್ದರೆ ಒಪ್ಪಬೇಕು ಅನ್ನುವ ತಿದ್ದುಪಡಿ. ಗ್ರೂಪಿನಲ್ಲಿ ಸಿಹಿ ಸುದ್ದಿ ಅಂತ ಎಲ್ಲರೂ ಫಾರ್ವರ್ಡ್ ಮಾಡಿದರು. ಆದರೆ ಆಗಲೇ ಆದೇಶ ಆಗಿಹೋಗಿ, ಅಪೀಲಿನ ಮೂರು ತಿಂಗಳೂ ದಾಟಿದವರು ಏನು ಮಾಡಬೇಕು? ಹರಿಹರದ ಒಬ್ಬ ವರ್ಕ್‌ಶಾಪ್ ಮಾಲೀಕರು ಅದೇ ಸ್ಥಿತಿಯಲ್ಲಿದ್ದರು. ನ್ಯೂಸ್‌ಲೆಟರ್ ಬರೆದಿದ್ದು ಹೀಗೆ: 2024ರ ಅಕ್ಟೋಬರ್ 8ರ 22ನೇ ನೋಟಿಫಿಕೇಶನ್ ಪ್ರಕಾರ, ಅಪೀಲು ಹಾಕದವರು ಆರು ತಿಂಗಳ ಒಳಗೆ ಆದೇಶ ತಿದ್ದಿಕೊಡಿ ಅಂತ ಆನ್‌ಲೈನ್ ಅರ್ಜಿ ಹಾಕಬಹುದು. ಅಪೀಲಿಗೆ ಕಟ್ಟುವ 10% ಮುಂಗಡ ಇದಕ್ಕೆ ಇಲ್ಲ. ಜೊತೆಗೆ ಆ ನೋಟಿಫಿಕೇಶನ್ನಿನ ಅನೆಕ್ಷರ್-ಎ ನಮೂನೆ ತುಂಬಿ ಅಪ್‌ಲೋಡ್ ಮಾಡಬೇಕು. ಕೊನೇ ದಿನ 2025ರ ಏಪ್ರಿಲ್ 7. ಈ ದಿನಾಂಕ ಮತ್ತು ಅನೆಕ್ಷರ್-ಎ, ಎರಡೇ ಮಾತು. ಆ ಮಾಲೀಕರಿಗೆ ಉಳಿದಿದ್ದು ನನ್ನ ಎಷ್ಟೋ ವರ್ಷದ ಚಂದಾಕ್ಕಿಂತ ಜಾಸ್ತಿ. ನಾನು ಕೇಳದೆಯೇ ಅವರು ಫೀಸು ಸೇರಿಸಿ ಕೊಟ್ಟರು.

ಇಲ್ಲಿಗೆ ನನ್ನ ಮಾತು ನಿಮಗೆ ಗೊತ್ತಾಗಿರಬೇಕು. ಬೆಲೆ ಇರುವುದು ದಿನದ ಮೇಲ್‌ಗೆ ಅಲ್ಲವೇ ಅಲ್ಲ. ಒಂದು ಸರ್ಕ್ಯುಲರ್ ಹಿಡಿದರೆ ಅದರ ಹಿಂದಿನದು, ಮುಂದಿನದು, ಅದನ್ನು ಕೋರ್ಟ್ ಏನು ಮಾಡಿತು, ಇಷ್ಟೂ ಬೆಸೆದುಕೊಂಡು ಬರುವ ಆ ಹಳೇ ಸಂಚಿಕೆಗಳ ಭಂಡಾರಕ್ಕೆ ಬೆಲೆ. ದಿನದ ಮೇಲನ್ನು ನಾನು ಎಷ್ಟೋ ದಿನ ತೆರೆಯುವುದೂ ಇಲ್ಲ. 11ನೇ ತಾರೀಖು ಜಿಎಸ್‌ಟಿಆರ್-1, 20ಕ್ಕೆ 3ಬಿ, ಮೂರು ತಿಂಗಳ ರಿಟರ್ನ್‌ನವರಿಗೆ ನಮ್ಮ ರಾಜ್ಯದಲ್ಲಿ 22. ಈ ಸುಗ್ಗಿಯಲ್ಲಿ ಮೇಲ್ ಓದುತ್ತಾ ಕೂರುವವರು ಯಾರು?

ಈಗ ತಕರಾರು. ಮೊದಲನೆಯದೇ ದೊಡ್ಡದು.

2025ರ ಜುಲೈ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂದ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ನಮ್ಮ ಆಫೀಸಿಗೆ ಟೀ ಅಂಗಡಿಯವರು, ಬೇಕರಿಯವರು, ಮಿರ್ಚಿ-ಮಂಡಕ್ಕಿ ಗಾಡಿಯವರು ಬಂದರು. ಕೆಲವರಿಗೆ ನೋಟಿಸೇ ಬಂದಿರಲಿಲ್ಲ, ಬರೀ ಹೆದರಿಕೆ. ಒಬ್ಬ ಹುಡುಗ ಕ್ಯೂಆರ್ ಬೋರ್ಡನ್ನು ಕಿತ್ತುಕೊಂಡು ಕೈಯಲ್ಲೇ ಹಿಡಿದು ಬಂದಿದ್ದ. "ಅಕ್ಕಾ, ಇದ್ನ ಒಗದ್ ಬಿಡ್ಲಾ?" ಅಂತ ಕೇಳಿದ. ಅವನ ವಹಿವಾಟು 40 ಲಕ್ಷದ ಹತ್ತಿರಕ್ಕೂ ಇರಲಿಲ್ಲ. ಕೂರಿಸಿ, ಟೀ ತರಿಸಿ, ವಿಷಯ ಬಿಡಿಸಿ ಹೇಳಿದೆ. ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ, ಅದು ದಾಟಿದರೆ ಮಾತ್ರ ನೋಂದಣಿ. ಹಾಲು, ತಾಜಾ ತರಕಾರಿ, ಹಣ್ಣಿಗೆ ತೆರಿಗೆ ಇಲ್ಲ. ದಾಟಿದವರಿಗೂ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಇದೆ, ವ್ಯಾಪಾರಿಗಳಿಗೆ 1%. ಅಕೌಂಟಿಗೆ ಬಂದ ದುಡ್ಡೆಲ್ಲಾ ವ್ಯಾಪಾರದ್ದಲ್ಲ, ಮನೆಯವರು ಹಾಕಿದ್ದು, ಸಾಲ ವಾಪಸ್ ಬಂದಿದ್ದು ಬೇರೆ ಮಾಡಿ ತೋರಿಸಬಹುದು.

ಆ ಹತ್ತು ಹದಿನೈದು ದಿನ ನನಗೆ ಬೇಕಾಗಿದ್ದ ಒಂದೇ ಒಂದು ವಿಷಯ ಇದು. ನಾನು ದುಡ್ಡು ಕೊಟ್ಟ ನ್ಯೂಸ್‌ಲೆಟರ್ ಇದರ ಬಗ್ಗೆ ನಾಲ್ಕು ಸಾಲು ಬರೆಯಿತು, ಅದೂ ತಡವಾಗಿ. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿ, ತೆರಿಗೆ ಇಲ್ಲದ ಸರಕು ಮಾರುವವರಿಂದ ವಸೂಲಿ ಇಲ್ಲ, ನೋಂದಣಿ ಮಾಡಿಸಿಕೊಂಡವರ ಹಳೇ ಬಾಕಿ ಕೇಳುವುದಿಲ್ಲ ಅಂದಿದ್ದು ನನಗೆ ಗೊತ್ತಾಗಿದ್ದು ಕನ್ನಡ ಪತ್ರಿಕೆಗಳಿಂದ. ಇಲಾಖೆಯವರ ವಿವರಣೆಯೂ ಅಲ್ಲೇ ಸಿಕ್ಕಿತು. ಮೇಲ್ ಬರೆಯುವವರು ಕೂತಿರುವುದು ದೂರದಲ್ಲಿ. ದೆಹಲಿ ಹೈಕೋರ್ಟ್‌ನಲ್ಲಿ ಒಂದು ಸಣ್ಣ ಮಧ್ಯಂತರ ಆದೇಶ ಆದರೂ ಅರ್ಧ ಪುಟ ಬರುತ್ತದೆ. ಕರ್ನಾಟಕದ ಬೀದಿಬೀದಿಯಲ್ಲಿ ಗದ್ದಲ ಎದ್ದರೆ ನಾಲ್ಕು ಸಾಲು. ಇದು ನನಗೆ ನಿಜವಾಗಿ ಬೇಜಾರು ಮಾಡಿತು. ಅವರಿಗೆ ಪತ್ರವನ್ನೂ ಬರೆದೆ. ಸಲಹೆಗೆ ಧನ್ಯವಾದ ಅನ್ನುವ ಸಿದ್ಧ ಉತ್ತರ ಬಂತು.

ತೀರ್ಪುಗಳ ಸಾರಾಂಶದಲ್ಲೂ ಇದೇ ಕೊರತೆ. ಗುಜರಾತ್ ಹೈಕೋರ್ಟ್ ಹೀಗೆ ಹೇಳಿತು ಅಂತ ಕೊಡುತ್ತಾರೆ. ಅದೇ ಪ್ರಶ್ನೆಗೆ ನಮ್ಮ ಹೈಕೋರ್ಟ್ ಏನು ಹೇಳಿದೆ ಅನ್ನುವುದನ್ನು ಹಲವು ಸಲ ಹೇಳುವುದಿಲ್ಲ. ಇಲ್ಲಿನ ಅಧಿಕಾರಿ ಮೊದಲು ಕೇಳುವುದೇ ಅದನ್ನು. ಹಾಗಾಗಿ ಸಾರಾಂಶ ನಂಬಿ ಉತ್ತರ ಬರೆಯಬೇಡಿ. ಮೂಲ ತೀರ್ಪನ್ನು ಇಳಿಸಿಕೊಂಡು, ಆ ಪ್ಯಾರಾ ನಂಬರ್ ನೋಡಿ, ಆಮೇಲೆ ಹಾಕಿ. ನನ್ನ ಜೂನಿಯರ್ ಹುಡುಗಿಗೆ ಕಲಿಸಿದ ಮೊದಲ ಕೆಲಸ ಇದೇ.

ಭಾಷೆಯ ವಿಷಯಕ್ಕೆ ಬಂದರೆ, ಎಲ್ಲವೂ ಇಂಗ್ಲಿಷ್. ನನಗೆ ತೊಂದರೆ ಇಲ್ಲ. ಆದರೆ ಭಟ್ಟಿ ಮಾಲೀಕರಿಗೆ ಕಳಿಸಲು ಕನ್ನಡದಲ್ಲಿ ಅರ್ಧ ಪುಟ ಕೊಟ್ಟರೆ ಇನ್ನೂ ಒಂದು ಸಾವಿರ ಜಾಸ್ತಿ ಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಈಗ ಆ ಕೆಲಸ ನಾವೇ ವಾಯ್ಸ್ ಮೆಸೇಜಿನಲ್ಲಿ ಮಾಡುತ್ತೇವೆ. ಯಾರಾದರೂ ಕನ್ನಡದವರು ಇದನ್ನು ಶುರು ಮಾಡಲಿ ಅಂತ ಮನಸಾರೆ ಬಯಸುತ್ತೇನೆ.

ಹಣ ಕಟ್ಟುವ ಕಡೆ ಒಂದು ಎಚ್ಚರಿಕೆ. ಕಾರ್ಡಿನಲ್ಲಿ ಕಟ್ಟುವಾಗ ತಾನಾಗಿ ನವೀಕರಣ ಅನ್ನುವ ಚೌಕಕ್ಕೆ ಅವರೇ ಟಿಕ್ ಹಾಕಿಟ್ಟಿರುತ್ತಾರೆ. ಮೊದಲ ವರ್ಷ ಮುಗಿಯುವ ಹಿಂದಿನ ದಿನ ಬ್ಯಾಂಕಿನಿಂದ ಮೆಸೇಜ್ ಬಂತು, ನಾಳೆ ಇಷ್ಟು ಕಡಿತ ಆಗುತ್ತದೆ ಅಂತ. 24 ಗಂಟೆ ಮುಂಚೆ ಹೀಗೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. 15,000ದವರೆಗಿನ ಮೊತ್ತಕ್ಕೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ, ಆ ಮೆಸೇಜ್ ನೋಡದಿದ್ದರೆ ದುಡ್ಡು ಹೋಗಿಯೇಬಿಡುತ್ತದೆ. ನವೀಕರಿಸುವ ಬಟನ್ ಮೊದಲ ಪುಟದಲ್ಲೇ ಇದೆ. ನಿಲ್ಲಿಸುವುದಕ್ಕೆ ಮಾತ್ರ ಮೇಲ್ ಬರೆಯಬೇಕು ಅನ್ನುತ್ತಾರೆ. ನಾನು ಬ್ಯಾಂಕ್ ಆ್ಯಪಿಗೆ ಹೋಗಿ ಮ್ಯಾಂಡೇಟ್ ರದ್ದು ಮಾಡಿ, ಆಮೇಲೆ ನನಗೆ ಬೇಕಾದಾಗ ನಾನೇ ಕಟ್ಟಿದೆ. ಗ್ರಾಹಕರನ್ನು ಹೀಗೆ ಸಿಕ್ಕಿಸುವುದರ ವಿರುದ್ಧ 2023ರ ನವೆಂಬರ್‌ನಲ್ಲೇ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಅದರ 13 ಬಗೆಗಳಲ್ಲಿ ಚಂದಾದ ಬಲೆಯೂ ಒಂದು. ಕಾನೂನು ತಿಳಿಸಿಕೊಡುವ ಕೆಲಸ ಮಾಡುವವರು ಇದನ್ನು ಮೊದಲು ಸರಿ ಮಾಡಿಕೊಳ್ಳಬೇಕು.

ಲಾಗಿನ್ ಹಂಚಿಕೊಳ್ಳುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಷರತ್ತಿನಲ್ಲಿ ಒಂದು ಲಾಗಿನ್ ಒಬ್ಬರಿಗೆ ಅಂತಿದೆ. ಅದನ್ನು ಮುರಿಯುವುದು ನನಗೆ ಒಪ್ಪುವ ಮಾತಲ್ಲ, ಬರೆದವರ ದುಡಿಮೆ ಅದು. ಮೂರು ಜನರ ಪ್ಲಾನ್ ಅಂತ ಬೇರೆ ಇದೆ, ತಲೆಗೆ ಸ್ವಲ್ಪ ಕಡಿಮೆ ಬೀಳುತ್ತದೆ. ಒಂದೇ ಕಟ್ಟಡದಲ್ಲಿ ಇಬ್ಬರು ಮೂವರು ಪ್ರಾಕ್ಟೀಷನರ್ ಇದ್ದರೆ ಅದನ್ನು ನೋಡಿ. ಗ್ರೂಪಿನಲ್ಲಿ ಓಡಾಡುವ ಪಿಡಿಎಫ್‌ಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಕರಡನ್ನೇ ಸರ್ಕ್ಯುಲರ್ ಅಂತ ಹರಿಬಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಯಾರಿಗೆ ಬೇಕು ಅನ್ನುವುದನ್ನು ಇನ್ನೊಂದು ಸಲ, ನಮ್ಮೂರಿನ ಲೆಕ್ಕದಲ್ಲಿ ಹೇಳುತ್ತೇನೆ. ದಲಾಲರ ಪುಸ್ತಕ ಬರೆಯುವ ಗುಮಾಸ್ತರಿಗೆ ಬೇಡ. ಚೀಲದಲ್ಲಿ ಬಿಡಿ ಮೆಕ್ಕೆಜೋಳಕ್ಕೆ ತೆರಿಗೆ ಇಲ್ಲ, ಕೃಷಿ ಉತ್ಪನ್ನದ ದಲಾಲಿಗೂ ವಿನಾಯಿತಿ ಇದೆ, ಅಲ್ಲಿ ದಿನಾ ಬದಲಾಗುವಂಥದ್ದು ಏನೂ ಇಲ್ಲ. ಹೋಟೆಲ್, ಬೇಕರಿ, ಕಿರಾಣಿ ಮಾತ್ರ ನೋಡುವವರಿಗೂ ಬೇಡ. ಅಡಿಕೆ, ಕಬ್ಬಿಣ, ಸ್ಕ್ರ್ಯಾಪ್, ಚೀಲ, ಯಂತ್ರದ ಬಿಡಿಭಾಗ, ಗುತ್ತಿಗೆ ಕೆಲಸ, ಇಂಥ ಪಾರ್ಟಿಗಳಿದ್ದರೆ ನೋಟಿಸ್ ಬಂದೇ ಬರುತ್ತದೆ. ವರ್ಷಕ್ಕೆ ಮೂರು ನಾಲ್ಕು ಉತ್ತರ ಬರೆಯುವವರಾಗಿದ್ದರೆ 7,080 ಹುಟ್ಟುತ್ತದೆ. ಮೊದಲ ವರ್ಷ ಕೆಲಸಕ್ಕೆ ಇಳಿದ ಹುಡುಗರಿಗೆ ನನ್ನ ಸಲಹೆ: ಆರು ತಿಂಗಳು ಸಿಬಿಐಸಿ ಸೈಟನ್ನೇ ಓದಿ. ಮೂಲ ಓದುವ ಅಭ್ಯಾಸ ಇಲ್ಲದೆ ಸಾರಾಂಶದಿಂದ ಶುರು ಮಾಡಿದರೆ ವಿಚಾರಣೆಯಲ್ಲಿ ಎದುರಿಗೆ ಕೂತ ಅಧಿಕಾರಿಯ ಎರಡನೇ ಪ್ರಶ್ನೆಗೇ ತಡವರಿಸಬೇಕಾಗುತ್ತದೆ.

ಕೊಳ್ಳುವ ಮುಂಚೆ ಟ್ರಯಲ್ ಕೇಳಿ, ಎಲ್ಲರೂ ಒಂದು ವಾರವಾದರೂ ಕೊಡುತ್ತಾರೆ. ಆ ವಾರ ಬರುವ ಮೇಲ್ ಓದಬೇಡಿ. ನಿಮ್ಮ ಹತ್ತಿರ ಈಗ ಬಾಕಿ ಇರುವ ಒಂದು ನೋಟಿಸ್ ಎತ್ತಿಕೊಂಡು, ಅದರ ಸೆಕ್ಷನ್ ಹಾಕಿ ಹಳೇ ಸಂಚಿಕೆಗಳಲ್ಲಿ ಹುಡುಕಿ. ಕರ್ನಾಟಕ ಹೈಕೋರ್ಟ್ ಅಂತ ಸೋಸಿ ನೋಡಲು ಆಗುತ್ತದಾ ನೋಡಿ. 183 ಹಾಕಿದರೆ 193 ತಾನಾಗಿ ಬರುತ್ತದಾ ನೋಡಿ. ಬಂದರೆ ಕಟ್ಟಿ.

ಮೊನ್ನೆ ಅವರ ಕಡೆಯಿಂದ ಫೋನ್ ಬಂದಿತ್ತು, ಮೂರು ವರ್ಷದ್ದು ಒಟ್ಟಿಗೆ ಕಟ್ಟಿದರೆ 15,000ಕ್ಕೆ ಕೊಡುತ್ತೇವೆ ಅಂತ. ಬೇಡ ಅಂದೆ, ಒಂದೇ ವರ್ಷಕ್ಕೆ ಕಟ್ಟುತ್ತೇನೆ. 2025ರ ಸೆಪ್ಟೆಂಬರ್ 24ರಂದು ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿಗೆ ಚಾಲನೆ ಸಿಕ್ಕಿದೆ, ನಮ್ಮವರ ಅಪೀಲುಗಳು ಬೆಂಗಳೂರು ಬೆಂಚಿಗೆ ಹೋಗುತ್ತವೆ. ಅಲ್ಲಿ ಇನ್ನೊಂದು 10% ಮುಂಗಡ ಕಟ್ಟಬೇಕು, ಹಾಗಾಗಿ ಆ ಬೆಂಚು ಯಾವ ವಿಷಯದಲ್ಲಿ ಏನು ಹೇಳುತ್ತಿದೆ ಅನ್ನುವುದು ಗೊತ್ತಿಲ್ಲದೆ ಪಾರ್ಟಿಗೆ ಅಪೀಲು ಹಾಕಿ ಅಂತ ಹೇಳಲು ಆಗುವುದಿಲ್ಲ. ಬೆಂಗಳೂರಿನ ಆ ಆದೇಶಗಳನ್ನು ಇವರು ಹೊತ್ತಿಗೆ ಸರಿಯಾಗಿ, ಪೂರ್ತಿ ಪಾಠದ ಸಮೇತ ಕೊಡುತ್ತಾರೋ ಇಲ್ಲವೋ ಅನ್ನುವುದನ್ನು ನೋಡಿ ಮುಂದಿನ ವರ್ಷದ ಚಂದಾ ತೀರ್ಮಾನ ಮಾಡುತ್ತೇನೆ.